ತಾನಾಗೇ ರೀಸ್ಟಾರ್ಟ್ ಆಗುವ ಕಂಪ್ಯೂಟರ್: ಮದರ್‌ಬೋರ್ಡ್ ಬದಲಿಸಲೇಬೇಕಾ?

ಪ್ರಶ್ನೆ: ನಮಸ್ತೆ ಸರ್. ತಾಲ್ಲೂಕು ಕಚೇರಿ ಎದುರು ನನ್ನದೊಂದು ಪುಟ್ಟ ಡಿಟಿಪಿ, ಜೆರಾಕ್ಸ್ ಅಂಗಡಿ. ಕಂಪ್ಯೂಟರ್ ತಗೊಂಡು 4 ವರ್ಷ ಆಯ್ತು. ಹದಿನೈದು ದಿನದಿಂದ ದಿನಕ್ಕೆ ಮೂರ್ನಾಲ್ಕು ಸಲ ತಾನಾಗೇ ರೀಸ್ಟಾರ್ಟ್ ಆಗ್ತಿದೆ. ನೀಲಿ ಪರದೆ ಬರಲ್ಲ, ಎರರ್ ತೋರಿಸಲ್ಲ, ಪಟ್ಟಂತ ಹೋಗಿ ಮತ್ತೆ ಆನ್ ಆಗುತ್ತೆ. ವಿಂಡೋಸ್ ಹೊಸದಾಗಿ ಹಾಕಿಸಿದ್ದೂ ಆಯ್ತು. ವಿಂಡೋಸ್ ತನ್ನ ಆಗುಹೋಗು ಬರೆದಿಡೋ ಈವೆಂಟ್ ವ್ಯೂವರ್‌ನಲ್ಲಿ 'ಕರ್ನಲ್-ಪವರ್ 41' ಅಂತಿದೆ. ರಿಪೇರಿಯವರು ಬೋರ್ಡ್ ಹೋಗಿದೆ, ₹7,500 ಆಗುತ್ತೆ ಅಂದರು. ಅರ್ಧ ಅರ್ಜಿ ತುಂಬಿದಾಗ ಹೀಗಾದರೆ ಗಿರಾಕಿ ಎದ್ದು ಪಕ್ಕದ ಅಂಗಡಿಗೆ ಹೋಗ್ತಾರೆ. ಹಾಕಿಸಿಬಿಡಲಾ?

ಇನ್ನೊಬ್ಬರು: ರ‍್ಯಾಮ್ ತೆಗೆದು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ ಹಾಕಿ ಮೇಡಂ. ನಂದು ಹಾಗೇ ಸರಿಹೋಯ್ತು.

ಉತ್ತರ: ಮೇಡಂ, ದುಡ್ಡು ಕೊಡೋದು ಸ್ವಲ್ಪ ತಡೀರಿ. 41 ಅನ್ನೋದು 'ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು' ಅಂತಷ್ಟೇ ಹೇಳುತ್ತೆ, ಯಾಕೆ ಅಂತ ಹೇಳಲ್ಲ. ರಬ್ಬರ್ ವೈದ್ಯ ನಾನೂ ಮಾಡ್ತೀನಿ, ಆದರೆ ಅದು ಬೀಪ್ ಬಂದು ಡಿಸ್‌ಪ್ಲೇ ಬರದೇ ಇದ್ದಾಗ. ಎರಡು ವಿಷಯ ತಿಳಿಸಿ: ಹೋಗುವ ಹೊತ್ತಿಗೆ ಏನು ಮಾಡ್ತಿರ್ತೀರಿ? ಆಗ ಮಾನಿಟರ್ ಏನು ತೋರಿಸುತ್ತೆ?

ಪ್ರಶ್ನೆ: ಈಗ ಯೋಚಿಸಿದರೆ, ಪಹಣಿ ಪ್ರಿಂಟ್ ಕೊಟ್ಟಾಗಲೇ ಜಾಸ್ತಿ. ಅದೂ ಊಟ ಮುಗಿಸಿ ಬಂದ ಮೇಲಿನ ಮೊದಲ ಪ್ರಿಂಟ್‌ಗೆ. ಒಂದರ ಹಿಂದೊಂದು ಕೊಡ್ತಾ ಇದ್ದರೆ ಏನೂ ಆಗಲ್ಲ. ಯುಪಿಎಸ್‌ನಲ್ಲಿ 'ಟಿಕ್' ಅನ್ನುತ್ತೆ, ಮಾನಿಟರ್ ಕಪ್ಪಾಗಿ ಅದರ ಕಂಪನಿ ಲೋಗೋ ಬರುತ್ತೆ.

ಉತ್ತರ: ಆ ಲೋಗೋನೇ ಸಾಕ್ಷಿ. ಸಾಮಾನ್ಯವಾಗಿ ಮಾನಿಟರ್‌ಗೆ ಕರೆಂಟ್ ತಪ್ಪಿ ಮತ್ತೆ ಬಂದಾಗ ಅದು ಹಾಗೆ ಹೊಸದಾಗಿ ಏಳುತ್ತೆ. ನಿಮ್ಮ ಮದರ್‌ಬೋರ್ಡ್ ಸತ್ತೇಹೋದರೂ ಮಾನಿಟರ್‌ನ ಕರೆಂಟ್ ಕೀಳೋಕೆ ಅದರಿಂದ ಆಗಲ್ಲ. ತೊಂದರೆ ಕ್ಯಾಬಿನೆಟ್‌ನ ಹೊರಗಿದೆ. ಲೇಸರ್ ಪ್ರಿಂಟರ್ ಕೂಡ ಯುಪಿಎಸ್‌ಗೇ ಹಾಕಿದ್ದೀರಾ?

ಪ್ರಶ್ನೆ: ಹೌದು ಸರ್, ಕರೆಂಟ್ ಹೋದಾಗ ಅರ್ಧಕ್ಕೆ ನಿಲ್ಲಬಾರದು ಅಂತ. 600 ವಿಎ ಯುಪಿಎಸ್.

ಉತ್ತರ: ಸಿಕ್ಕಿತು. 600 ವಿಎ ಅಂದರೆ ಸಾಮಾನ್ಯವಾಗಿ 360 ವಾಟ್ ಆಸುಪಾಸು. ಲೇಸರ್ ಪ್ರಿಂಟರ್ ಒಳಗೆ ಇಂಕ್ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸೋ ಫ್ಯೂಸರ್ ಇದೆ. ತಣ್ಣಗಾದ ಫ್ಯೂಸರ್ ಬಿಸಿಯಾಗೋ ಆ ಕ್ಷಣ ಸಣ್ಣ ಪ್ರಿಂಟರ್ ಕೂಡ 600 ವಾಟ್ ಮೇಲೆ ಎಳೆದುಬಿಡಬಹುದು. ವೋಲ್ಟೇಜ್ ಕುಸಿಯುತ್ತೆ, ಯುಪಿಎಸ್ ಕರೆಂಟೇ ಹೋಯ್ತು ಅಂದುಕೊಂಡು ಬ್ಯಾಟರಿಗೆ ಹಾರುತ್ತೆ (ಆ 'ಟಿಕ್'), ಅಷ್ಟು ಭಾರ ಬ್ಯಾಟರಿ ಹೊರಲ್ಲ. ಪ್ರಿಂಟರ್ ತೆಗೆದು ನೇರ ಗೋಡೆಯ ಪ್ಲಗ್‌ಗೆ ಹಾಕಿ, ಎರಡು ದಿನ ನೋಡಿ. ಆಮೇಲೂ ಆದರೆ ಎಸ್‌ಎಂಪಿಎಸ್ (ಕ್ಯಾಬಿನೆಟ್ ಒಳಗೆ ಕರೆಂಟ್ ಹಂಚೋ ಪವರ್ ಸಪ್ಲೈ ಡಬ್ಬಿ) ಬದಲಿಸಿ ನೋಡೋಣ. ಅದನ್ನು ಮಾತ್ರ ನೀವೇ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ನಷ್ಟು ನಿಂತಿರಬಹುದು.

ಪ್ರಶ್ನೆ (ಎರಡು ದಿನದ ಮೇಲೆ): ಸರ್, ಒಂದು ಸಲವೂ ರೀಸ್ಟಾರ್ಟ್ ಆಗಿಲ್ಲ! ಆದರೆ ನಿನ್ನೆ ಕರೆಂಟ್ ಹೋದಾಗ ಯುಪಿಎಸ್ ಒಂದು ನಿಮಿಷವೂ ತಡೆಯಲಿಲ್ಲ. ಇನ್ನೊಂದು, ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತೆ. ಮೊದಲಿಂದಲೂ ಇದೆ.

ಉತ್ತರ: ಬ್ಯಾಟರಿ ಮುಗಿದಿದೆ, ಎರಡು ಮೂರು ವರ್ಷಕ್ಕೆ ಸಹಜ. ಹಿಂಭಾಗದ ಸ್ಟಿಕ್ಕರ್ ನೋಡಿ ತನ್ನಿ, ಈ ಸೈಜಿನವಕ್ಕೆ ಹೆಚ್ಚಾಗಿ 12 ವೋಲ್ಟ್ 7 ಎಎಚ್. ಹಳೇದು ವಾಪಸ್ ಕೊಟ್ಟರೆ ಒಂದಿಷ್ಟು ಕಡಿಮೆ ಮಾಡ್ತಾರೆ. ಜುಮ್ ಅನ್ನೋದನ್ನ ಮೊದಲೇ ಹೇಳಬೇಕಿತ್ತು ನೀವು! ಅರ್ಥಿಂಗ್ ಇಲ್ಲದಿದ್ದರೆ ಎಸ್‌ಎಂಪಿಎಸ್‌ನ ಫಿಲ್ಟರ್‌ನಿಂದ ಸೋರುವ ಅಲ್ಪ ಕರೆಂಟ್ ಕ್ಯಾಬಿನೆಟ್‌ಗೆ ಬರುತ್ತೆ. ಎಲೆಕ್ಟ್ರಿಷಿಯನ್ ಕರೆಸಿ ಪ್ಲಗ್ ಪಾಯಿಂಟ್ ಬಿಚ್ಚಿಸಿ.

ಪ್ರಶ್ನೆ: ಬಿಚ್ಚಿ ನೋಡಿದರು ಸರ್, ಮೇಲಿನ ದೊಡ್ಡ ತೂತಿಗೆ ವೈರೇ ಇಲ್ಲ. ನ್ಯೂಟ್ರಲ್‌ನಿಂದ ಒಂದು ತುಂಡು ವೈರ್ ಸೇರಿಸಿಬಿಡ್ತೀನಿ ಅಂತಿದ್ದಾರೆ.

ಉತ್ತರ: ಬೇಡವೇ ಬೇಡ, ಈಗಲೇ ತಡೀರಿ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಇಡೀ 230 ವೋಲ್ಟ್ ಕ್ಯಾಬಿನೆಟ್ ಮೇಲೆ ಬಂದು ಕೂರುತ್ತೆ. ಮೀಟರ್ ಬೋರ್ಡ್ ಹತ್ತಿರದ ಅರ್ಥ್‌ನಿಂದ ಹಸಿರು ವೈರ್ ಬೇರೆಯಾಗಿ ಎಳೆಸಿ. ಅಲ್ಲೂ ಅರ್ಥ್ ಇಲ್ಲ ಅಂದರೆ ಕಟ್ಟಡದ ಮಾಲೀಕರಿಗೆ ಹೇಳಿ ಗುಂಡಿ ತೋಡಿಸಿ ಹಾಕಿಸಬೇಕು. ಅಲ್ಲಿವರೆಗೆ ಕಾಲಿಗೆ ರಬ್ಬರ್ ಚಪ್ಪಲಿ ಇರಲಿ, ಪೆನ್‌ಡ್ರೈವ್ ಹಾಕುವಾಗ ಕ್ಯಾಬಿನೆಟ್‌ನ ಲೋಹದ ಭಾಗ ಮುಟ್ಟಬೇಡಿ.