ಅಪಾರ್ಟ್‌ಮೆಂಟಿನ ಕರೆಂಟೂ ಇಳಿಯಬೇಕು, ಕಾರ್ಬನ್ನೂ ಇಳಿಯಬೇಕು: ಮಾಡಿದವರು ಹೇಳಿ

ಕೇಳಿದವರು, ಬನಶಂಕರಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮದು 64 ಮನೆಗಳ ಅಪಾರ್ಟ್‌ಮೆಂಟ್. ಹಳೆಯದೂ ಅಲ್ಲ, ಹೊಸದೂ ಅಲ್ಲ. ಈ ವರ್ಷ ಸಂಘದ ಕಾರ್ಯದರ್ಶಿ ಕೆಲಸ ನನ್ನ ತಲೆಗೆ ಬಂದಿದೆ. ಕಟ್ಟಡದಿಂದ ಆಗುವ ಕಾರ್ಬನ್ ಕಡಿಮೆ ಮಾಡೋಣ ಅಂತ ಮೀಟಿಂಗಿನಲ್ಲಿ ಹೇಳಿದರೆ ಅರ್ಧ ಜನ ಫೋನ್ ನೋಡುತ್ತಾರೆ. ಮೇಂಟೆನೆನ್ಸ್ ಇಳಿಯುತ್ತದೆ ಅಂದರೆ ಮಾತ್ರ ತಲೆ ಎತ್ತುತ್ತಾರೆ. ಇನ್ನು ಕೆಲವರದ್ದು ಒಂದೇ ಹಟ, ನಾಳೆಯೇ ಮಹಡಿ ಮೇಲೆ ಸೋಲಾರ್ ಹಾಕಿಸಿ ಅಂತ. ಸಬ್ಸಿಡಿ ನಮ್ಮಂಥ ಸಂಘಕ್ಕೆ ಸಿಗುತ್ತದಾ? ಎಲ್ಲಿಂದ ಶುರು ಮಾಡಬೇಕು? ಯಾವುದಕ್ಕೆ ಸುಮ್ನೆ ದುಡ್ಡು ಸುರಿಯಬಾರದು?

ಸಂಘದ ಖಜಾಂಚಿ ಆಗಿದ್ದವರು, ಜೆ.ಪಿ. ನಗರ

ಸರ್, ಸೋಲಾರ್ ಮಾತು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಮೊದಲು ಕಾಮನ್ ಮೀಟರಿನ (ಎಲ್ಲರಿಗೂ ಸೇರಿದ ಬಳಕೆಯ ಮೀಟರು) ಒಂದು ವರ್ಷದ ಬಿಲ್ಲುಗಳನ್ನು ಹುಡುಕಿ ತೆಗೆಯಿರಿ. ಆಮೇಲೆ ಎಲೆಕ್ಟ್ರಿಷಿಯನ್ ಕೈಲಿ ಕ್ಲಾಂಪ್ ಮೀಟರ್ ಕೊಟ್ಟು ಲಿಫ್ಟು, ಪಂಪು, ಎಸ್‌ಟಿಪಿ (ಹೊಲಸು ನೀರು ಶುದ್ಧ ಮಾಡುವ ಘಟಕ), ಬೇಸ್‌ಮೆಂಟ್ ಲೈಟು ಯಾವುದು ಎಷ್ಟು ಎಳೆಯುತ್ತಿದೆ ಅಂತ ನೋಡಿಸಿ. ನಮ್ಮಲ್ಲಿ ಎಲ್ಲರೂ ಲಿಫ್ಟನ್ನೇ ಬೈಯುತ್ತಿದ್ದರು. ಅಳೆದು ನೋಡಿದರೆ ಎಸ್‌ಟಿಪಿಗೆ ಗಾಳಿ ಊದುವ ಬ್ಲೋವರ್ ಅದಕ್ಕಿಂತ ಎಷ್ಟೋ ಜಾಸ್ತಿ ತಿನ್ನುತ್ತಿತ್ತು.

ಕಾರ್ಬನ್ ಲೆಕ್ಕ ಕಷ್ಟವೇನಲ್ಲ. ನಮ್ಮ ಗ್ರಿಡ್ಡಿನ ಒಂದು ಯೂನಿಟ್ಟಿಗೆ ದೇಶದ ಸರಾಸರಿ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್ ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕ. ಬಿಲ್ಲಿನ ಯೂನಿಟ್ಟನ್ನು ಅದರಿಂದ ಗುಣಿಸಿದರೆ ಆಯಿತು. ಮೀಟಿಂಗಿನಲ್ಲಿ ಒಬ್ಬರಾದರೂ ಎದ್ದು, ಪಾವಗಡ ಇದೆ, ಶರಾವತಿ ಇದೆ, ನಮ್ಮ ರಾಜ್ಯದ ಕರೆಂಟು ಶುದ್ಧ ಅನ್ನುತ್ತಾರೆ. ಅರ್ಧ ನಿಜ. ಆದರೆ ರಾತ್ರಿ ಎಂಟಕ್ಕೆ ಪಾವಗಡದಲ್ಲಿ ಬಿಸಿಲಿರಲ್ಲ. ಮಳೆ ಕೈಕೊಟ್ಟ ವರ್ಷ ಶರಾವತಿಯೂ ಕೈಹಿಡಿಯಲ್ಲ. ಆಗ ರಾಯಚೂರು, ಬಳ್ಳಾರಿಯಲ್ಲಿ ಕಲ್ಲಿದ್ದಲು ಉರಿಯಲೇಬೇಕು.

ಜನರೇಟರನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆಜಿ ಕಾರ್ಬನ್ ಡೈಆಕ್ಸೈಡ್. ಅದರಿಂದ ಸಿಗುವುದು ಮೂರೋ ಮೂರೂವರೆಯೋ ಯೂನಿಟ್. ದೊಡ್ಡ ಜನರೇಟರಿಗೆ ಲೋಡ್ ಕಡಿಮೆ ಇದ್ದರೆ ಅದೂ ಸಿಗಲ್ಲ. ನಾವು ಜನರೇಟರ್ ಲೈನಿನಿಂದ ಬೇಡದ ಲೋಡುಗಳನ್ನು ತೆಗೆಸಿದೆವು. ಬೇಸ್‌ಮೆಂಟಿನಲ್ಲಿ ಹಗಲು ರಾತ್ರಿ ಉರಿಯುತ್ತಿದ್ದ ಟ್ಯೂಬ್‌ಲೈಟಿನ ಜಾಗಕ್ಕೆ ಸೆನ್ಸರ್ ಇರುವ ಎಲ್‌ಇಡಿ ಬಂತು. ಕಾರ್ ನಿಲ್ಲಿಸುವಾಗ ಕತ್ತಲಾಗುತ್ತೆ ಅಂತ ಶುರುವಿನಲ್ಲಿ ಗಲಾಟೆ ಆಯಿತು. ಮೂರರಲ್ಲಿ ಒಂದು ಲೈಟು ಯಾವಾಗಲೂ ಉರಿಯುವಂತೆ ಬಿಟ್ಟ ಮೇಲೆ ಎಲ್ಲರೂ ಸುಮ್ಮನಾದರು.

ಪಂಪು, ಎಸ್‌ಟಿಪಿ ನೋಡಿಕೊಳ್ಳುವ ಎಂಜಿನಿಯರ್, ವೈಟ್‌ಫೀಲ್ಡ್

ಖಜಾಂಚಿಯವರು ಹೇಳಿದ ಬ್ಲೋವರ್ ವಿಷಯ ಇನ್ನಷ್ಟು ಬಿಡಿಸಿ ಹೇಳುತ್ತೇನೆ. ಇದನ್ನು ಯಾರೂ ಗಮನಿಸಲ್ಲ. 5 ಎಚ್‌ಪಿ ಬ್ಲೋವರ್ ಪೂರ್ತಿ ಲೋಡಿನಲ್ಲಿ 24 ಗಂಟೆ ಓಡಿದರೆ ದಿನಕ್ಕೆ ಸುಮಾರು 90 ಯೂನಿಟ್. ಬೆಂಗಳೂರಿನಲ್ಲಿ 1 ಕಿಲೋವ್ಯಾಟ್ ಸೋಲಾರ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಅಂದರೆ ಆ ಒಂದು ಬ್ಲೋವರಿಗೇ 22 ಕಿಲೋವ್ಯಾಟಿನಷ್ಟು ಪ್ಯಾನೆಲ್ ಬೇಕು! ಅದೇ ಬ್ಲೋವರನ್ನು 16 ಗಂಟೆಗೆ ಇಳಿಸಿದರೆ 30 ಯೂನಿಟ್ ಉಳಿಯಿತು. ಒಂದು ಪ್ಯಾನೆಲ್ಲೂ ಬೇಡ.

ಹಾಗಂತ ಯಾರೋ ಹೇಳಿದರು ಅಂತ ಸ್ವಿಚ್ ಆಫ್ ಮಾಡಿ ಕೂರಬೇಡಿ. ಟ್ಯಾಂಕಿನಲ್ಲಿ ಕೊಳೆ ತಿನ್ನುವ ಬ್ಯಾಕ್ಟೀರಿಯಾಕ್ಕೆ ಗಾಳಿ ಬೇಕು. ಬಹಳ ಹೊತ್ತು ನಿಲ್ಲಿಸಿದರೆ ಅವು ಸಾಯುತ್ತವೆ, ಇಡೀ ಬಿಲ್ಡಿಂಗ್ ನಾರುತ್ತದೆ. ನೀರಿನಲ್ಲಿ ಕರಗಿರುವ ಆಮ್ಲಜನಕ ಅಳೆಯುವ ಮೀಟರ್ ಇಟ್ಟು, ಅದು ಎಷ್ಟಿದೆ ನೋಡಿಕೊಂಡು ಟೈಮರ್ ಹಾಕಬೇಕು. ಇಲ್ಲವೇ ವಿಎಫ್‌ಡಿ (ಮೋಟರಿನ ವೇಗ ಹೆಚ್ಚುಕಮ್ಮಿ ಮಾಡುವ ಸಾಧನ) ಕೂರಿಸಿ ವೇಗ ಇಳಿಸಬೇಕು. ಮಧ್ಯಾಹ್ನ, ನಡುರಾತ್ರಿ ಹೊಲಸು ನೀರು ಬರುವುದೇ ಕಮ್ಮಿ. ಆಗ ಅಷ್ಟು ಗಾಳಿ ಬೇಡ.

ನೀರು ಉಳಿಸಿದರೂ ಕರೆಂಟು ಉಳಿದ ಹಾಗೆಯೇ. ಬೋರ್‌ವೆಲ್ಲಿನಿಂದ ಸಂಪಿಗೆ, ಸಂಪಿನಿಂದ ಮೇಲಿನ ಟ್ಯಾಂಕಿಗೆ, ಕೊನೆಗೆ ಎಸ್‌ಟಿಪಿಗೆ. ಒಂದು ಬಕೆಟ್ ನೀರಿಗೆ ಮೂರು ಸಲ ಕರೆಂಟು. 2024ರ ಬೇಸಿಗೆಯಲ್ಲಿ ಜಲಮಂಡಳಿ ನಲ್ಲಿಗಳಿಗೆ ನೀರಿನ ಹರಿವು ತಗ್ಗಿಸುವ ಏರೇಟರ್ ಹಾಕಿಸಿತಲ್ಲ, ಮಳೆ ಬಂದ ಮೇಲೆ ಎಷ್ಟೋ ಜನ ಬಿಚ್ಚಿ ಬಿಸಾಕಿದರು. ನಿಮ್ಮಲ್ಲಿ ಇವೆಯಾ ನೋಡಿ.

ಕೇಳಿದವರು

ಎಸ್‌ಟಿಪಿ ಕಡೆ ನಾನು ತಲೆಯೇ ಹಾಕಿರಲಿಲ್ಲ, ಥ್ಯಾಂಕ್ಸ್ ಸರ್. ಇನ್ನೊಂದು ತಲೆನೋವು. ನಮ್ಮಲ್ಲಿ ಸುಮಾರು ಮನೆಗಳಿಗೆ ಗೃಹಜ್ಯೋತಿ ಇದೆ. ಬಿಲ್ಲೇ ಸೊನ್ನೆ ಬರುವವರಿಗೆ ಸೋಲಾರ್ ಬೇಕು ಅನ್ನುವುದು ಹೇಗೆ?

ಖಜಾಂಚಿ ಆಗಿದ್ದವರು, ಜೆ.ಪಿ. ನಗರ

ಅನ್ನಬೇಡಿ. 2023ರ ಜುಲೈಯಿಂದ ಗೃಹಜ್ಯೋತಿ ಬಂದ ಮೇಲೆ ಮನೆಮನೆಯ ಸೋಲಾರಿನ ಲೆಕ್ಕಾಚಾರವೇ ಬದಲಾಗಿದೆ. ಬಡವರ ಮನೆಗೆ ಆ ಯೋಜನೆ ದೊಡ್ಡ ಆಸರೆ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ನಮ್ಮಂಥ ಅಪಾರ್ಟ್‌ಮೆಂಟಿನವರ ಮಟ್ಟಿಗೆ ಉಳಿತಾಯದ ಆಸೆಗೆ ಸ್ವಲ್ಪ ಮಂಕು ಹಿಡಿಸಿದೆ ಅಂತಲೇ ಹೇಳಬೇಕು. ಅದಕ್ಕೇ ಕಾಮನ್ ಮೀಟರ್ ಹಿಡಿಯಿರಿ. ಅದಕ್ಕೆ ಉಚಿತ ಯೂನಿಟ್ ಇಲ್ಲ. ಅಲ್ಲಿ ಉಳಿದ ರೂಪಾಯಿ 64 ಮನೆಗೂ ಹಂಚಿಹೋಗುತ್ತದೆ.

ಈಗ ಸಬ್ಸಿಡಿ ವಿಷಯ. 2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಸ್ವಂತ ಮನೆಯವರಿಗೆ ಮೊದಲ 2 ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಎಲ್ಲ ಸೇರಿ 78,000ಕ್ಕೆ ನಿಲ್ಲುತ್ತದೆ. ಸಂಘಗಳಿಗೆ ಬೇರೆ ಲೆಕ್ಕ. ಲಿಫ್ಟು, ಪಂಪು, ಇವಿ ಚಾರ್ಜಿಂಗ್ ಇಂಥ ಕಾಮನ್ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿ. ಮನೆಗೆ 3 ಕಿಲೋವ್ಯಾಟಿನ ಲೆಕ್ಕದಲ್ಲಿ 500 ಕಿಲೋವ್ಯಾಟ್‌ವರೆಗೆ ಅವಕಾಶ. ಪ್ಯಾನೆಲ್ ಮಾತ್ರ ದೇಶದಲ್ಲೇ ತಯಾರಾದ ಸೆಲ್ಲಿನದ್ದೇ ಆಗಿರಬೇಕು. ಕೊಟೇಶನ್ನಿನಲ್ಲಿ ಡಿಸಿಆರ್ ಅಂತ ಬರೆದಿದೆಯಾ ನೋಡಿ. ಅದಿಲ್ಲದಿದ್ದರೆ ರೇಟು ಅಗ್ಗ ಕಾಣುತ್ತದೆ, ಆದರೆ ಸಬ್ಸಿಡಿ ಸಿಗಲ್ಲ.

ನೀವು 30 ಕಿಲೋವ್ಯಾಟ್ ಹಾಕಿದಿರಿ ಅಂತಿಟ್ಟುಕೊಳ್ಳಿ. ಸಬ್ಸಿಡಿ 5.4 ಲಕ್ಷ. ನೆರಳಿಲ್ಲದ ಜಾಗ ಸುಮಾರು 3,000 ಚದರ ಅಡಿ ಬೇಕು. ದಿನಕ್ಕೆ ಸರಾಸರಿ 120 ಯೂನಿಟ್. ವರ್ಷಕ್ಕೆ ಸುಮಾರು 30 ಟನ್ ಕಾರ್ಬನ್ ಡೈಆಕ್ಸೈಡ್ ತಪ್ಪುತ್ತದೆ. ಕೈಯಲ್ಲಿ ಅಷ್ಟು ದುಡ್ಡಿಲ್ಲ ಅಂದರೆ ಕಂಪನಿಯವರೇ ಹಾಕಿ, ಯೂನಿಟ್ಟಿಗೆ ಇಷ್ಟು ಅಂತ ವಸೂಲಿ ಮಾಡುವ ರೆಸ್ಕೋ ಪದ್ಧತಿಯೂ ಇದೆ. ಆದರೆ ಒಪ್ಪಂದ ಹತ್ತಾರು ವರ್ಷದ್ದು. ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.

ಇನ್ನೊಂದನ್ನು ಮೀಟಿಂಗಿನಲ್ಲೇ ಹೇಳಿಬಿಡಿ. ಆನ್‌ಗ್ರಿಡ್ (ಗ್ರಿಡ್ಡಿಗೆ ಜೋಡಿಸಿದ) ಸೋಲಾರ್ ಇದ್ದರೂ ಕರೆಂಟ್ ಹೋದರೆ ಅದೂ ನಿಲ್ಲುತ್ತದೆ. ಲೈನಿನಲ್ಲಿ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ ಇನ್ವರ್ಟರ್ ತಾನಾಗಿ ಬಂದ್ ಆಗುತ್ತದೆ. ಹೇಳದೇ ಇದ್ದರೆ ಮೊದಲ ಪವರ್ ಕಟ್ ದಿನ ನಿಮ್ಮ ಮನೆ ಬಾಗಿಲಿಗೆ ಜನ ಬರುತ್ತಾರೆ.

ನಿವೃತ್ತ ಮೇಷ್ಟ್ರು, ಮೈಸೂರು

ಬಿಸಿನೀರನ್ನು ಯಾರೂ ಎತ್ತಲೇ ಇಲ್ಲವಲ್ಲ! ನಮ್ಮ ರಾಜ್ಯದಲ್ಲಿ ಹೊಸ ಕಟ್ಟಡಕ್ಕೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಆಗಿದ್ದು 2007ರಲ್ಲೇ. ನಿಮ್ಮ ಮಹಡಿಯಲ್ಲೂ ಇರಲೇಬೇಕು. ಕೆಲಸ ಮಾಡುತ್ತಿದೆಯಾ, ಅದು ಬೇರೆ ಪ್ರಶ್ನೆ. ಕಾನೂನು ಕೊಳವೆ ಹಾಕಿಸುತ್ತದೆ ಸ್ವಾಮಿ, ಕೊಳವೆಯಲ್ಲಿ ಕಟ್ಟಿದ ಉಪ್ಪು ತೆಗೆಯಲ್ಲ. ಬೋರ್‌ವೆಲ್ಲಿನ ಗಡಸು ನೀರಿಗೆ ಒಳಗೆಲ್ಲ ಬಿಳಿ ಪದರ ಕಟ್ಟಿಕೊಂಡಿರುತ್ತದೆ. ಎರಡನೇ ಮಹಡಿಯವರು ನಲ್ಲಿ ತಿರುಗಿಸಿದರೆ ಬಿಸಿನೀರು ಬರುವಷ್ಟರಲ್ಲಿ ಎರಡು ಬಕೆಟ್ ತಣ್ಣೀರು ಹೋಗಿರುತ್ತದೆ. ಬೇಸರವಾಗಿ ಗೀಸರ್ ಹಾಕುತ್ತಾರೆ. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆಗೆ ಒಂದು ಯೂನಿಟ್. 64 ಮನೆಗೆ ಬೆಳಗಾಗುವುದರೊಳಗೆ 64 ಯೂನಿಟ್ ಆಯಿತು.

ನಮ್ಮ ಮಗಳ ಅಪಾರ್ಟ್‌ಮೆಂಟಿನಲ್ಲಿ ಟ್ಯೂಬು ತೊಳೆಸಿ, ಪೈಪಿಗೆ ಇನ್ಸುಲೇಶನ್ ಸುತ್ತಿಸಿ, ಬೆಳಿಗ್ಗೆ ಹೊತ್ತು ಮಾತ್ರ ನೀರು ತಿರುಗಿಸುವ ಸಣ್ಣ ಪಂಪು ಇಟ್ಟರು. ಹೊಸ ಪ್ಯಾನೆಲ್ಲಿನ ಮುಂದೆ ಇದರ ಖರ್ಚು ಏನೂ ಅಲ್ಲ. ಮಳೆಗಾಲದಲ್ಲಿ ಗೀಸರ್ ಬೇಕೇ ಬೇಕು, ಅದಕ್ಕೇನೂ ಮಾಡೋಕಾಗಲ್ಲ.

ಧಾರವಾಡದವರು, ಈಗ ಕ್ವೀನ್ಸ್, ನ್ಯೂಯಾರ್ಕ್

ಇಲ್ಲಿ ನಮ್ಮ ಬಿಲ್ಡಿಂಗಿನ ಕಮಿಟಿಯಲ್ಲಿ ಇದೇ ಜಗಳ ನಡೀತಿದೆ, ಅದಕ್ಕೇ ಬರೀತಿದ್ದೀನಿ. ಇಲ್ಲಿ ಮನಸ್ಸಿದ್ದರೆ ಮಾಡಿ ಅಂತ ಬಿಟ್ಟಿಲ್ಲ, ದಂಡ ಹಾಕುತ್ತಾರೆ. 2019ರ ಲೋಕಲ್ ಲಾ 97 ಪ್ರಕಾರ 25,000 ಚದರ ಅಡಿಗಿಂತ ದೊಡ್ಡ ಕಟ್ಟಡಗಳಲ್ಲಿ ಹೆಚ್ಚಿನವಕ್ಕೆ 2024ರಿಂದ ಕಾರ್ಬನ್ ಮಿತಿ ಇದೆ. ಮೀರಿದರೆ ಟನ್ನಿಗೆ 268 ಡಾಲರ್. 2030ಕ್ಕೆ ಮಿತಿ ಇನ್ನೂ ಬಿಗಿ. ಇಲ್ಲಿ ಕಾರ್ಬನ್ ಜಾಸ್ತಿ ಬರುವುದು ಚಳಿಗಾಲದ ಬಾಯ್ಲರಿನಿಂದ, ಹಾಗಾಗಿ ನಮ್ಮ ಉಪಾಯಗಳು ನಿಮಗೆ ಆಗಿಬರಲ್ಲ. ಒಂದನ್ನು ಮಾತ್ರ ಕದಿಯಬಹುದು. ದೊಡ್ಡ ಕಟ್ಟಡಗಳ ಬಾಗಿಲಲ್ಲಿ ಎ, ಬಿ, ಸಿ, ಡಿ ಅಂತ ಎನರ್ಜಿ ಗ್ರೇಡ್ ಅಂಟಿಸಬೇಕು ಅಂತ ಇಲ್ಲಿ ಕಾನೂನಿದೆ. ಡಿ ಬಂದಾಗ ಜನಕ್ಕೆ ನಾಚಿಕೆ ಆಗುತ್ತೆ. ನೀವು ಲಿಫ್ಟಿನ ಬಾಗಿಲ ಹತ್ತಿರ ಪ್ರತಿ ತಿಂಗಳ ಕಾಮನ್ ಯೂನಿಟ್ ಬರೆದು ಹಾಕಿ ನೋಡಿ.

ಆರ್ಕಿಟೆಕ್ಟ್, ಹುಬ್ಬಳ್ಳಿ

ಚುಟುಕಾಗಿ ಹೇಳಿಬಿಡುತ್ತೇನೆ. ಮೇಲಿನ ಮಹಡಿಯವರು ಎಸಿ ಹಾಕಿಸುವ ಮೊದಲು ಟೆರೇಸಿಗೆ ಬಿಸಿಲು ವಾಪಸ್ ಕಳಿಸುವ ಬಿಳಿ ಬಣ್ಣ ಬಳಿಸಿ. ತೆಲಂಗಾಣ 2023ರಲ್ಲಿ ಇದಕ್ಕಂತಲೇ ಕೂಲ್ ರೂಫ್ ನೀತಿ ತಂದಿದೆ. ಪಡುವಣ ಕಿಟಕಿಗೆ ಒಳಗೆ ಪರದೆ ಹಾಕುವುದಕ್ಕಿಂತ ಹೊರಗೆ ಸಜ್ಜಾ ಅಥವಾ ಚಿಕ್ ಹಾಕಿದರೆ ಒಳ್ಳೆಯದು. ಗಾಜು ದಾಟಿ ಒಳಗೆ ಬಂದ ಬಿಸಿ ಒಳಗೇ ಉಳಿಯುತ್ತದೆ. ಹಳೇ ಫ್ಯಾನ್ 75 ವ್ಯಾಟ್, ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ದಿನಕ್ಕೆ 12 ಗಂಟೆ ತಿರುಗಿದರೆ ಒಂದು ಫ್ಯಾನಿಗೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಮನೆ ಕಟ್ಟಲು 2018ರಿಂದ ಇಕೋ ನಿವಾಸ್ ಸಂಹಿತೆ ಅಂತ ಒಂದು ಕೋಡ್ ಇದೆ. ಗೋಡೆ, ಕಿಟಕಿ, ಮಾಡಿನಿಂದ ಎಷ್ಟು ಬಿಸಿ ಒಳಗೆ ಬರಬಹುದು ಅಂತ ಅದು ಮಿತಿ ಹಾಕುತ್ತದೆ. ನಿಮ್ಮ ಕಟ್ಟಡಕ್ಕೆ ಅದು ತಡವಾಯಿತು. ಹೊಸದಾಗಿ ಫ್ಲ್ಯಾಟ್ ಕೊಳ್ಳುವವರು ಬಿಲ್ಡರಿಗೆ ಇದನ್ನು ಕೇಳಬೇಕು. ಯಾರೂ ಕೇಳಲ್ಲ. ಕ್ಲಬ್‌ಹೌಸ್ ಇದೆಯಾ ಅಂತ ಕೇಳುತ್ತಾರೆ.

ಕೇಳಿದವರು

ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಬ್ಲೋವರ್, ಬೇಸ್‌ಮೆಂಟ್ ಲೈಟು, ವಾಟರ್ ಹೀಟರ್ ಮೊದಲು. ಸೋಲಾರ್ ಆಮೇಲೆ, ಅದೂ ಇಳಿದ ಬಿಲ್ಲು ನೋಡಿಕೊಂಡು. ಮೀಟಿಂಗಿಗೆ ಇನ್ನೇನಾದರೂ ತಯಾರಿ ಬೇಕಾ?

ಖಜಾಂಚಿ ಆಗಿದ್ದವರು, ಜೆ.ಪಿ. ನಗರ

ಎರಡೇ ಎರಡು. ಟೆರೇಸ್ ಯಾರದ್ದು ಅಂತ ಸೇಲ್ ಡೀಡ್ ತೆಗೆದು ನೋಡಿ. ಕೆಲವು ಕಡೆ ಬಿಲ್ಡರ್ ಅದನ್ನು ಮೇಲಿನ ಮನೆಯವರಿಗೆ ಬರೆದುಕೊಟ್ಟಿರುತ್ತಾರೆ. ಹಾಗಿದ್ದರೆ ಸರ್ವಸದಸ್ಯರ ಸಭೆಯ ನಿರ್ಣಯ ಒಂದೇ ಸಾಲದು, ಅವರ ಒಪ್ಪಿಗೆ ಬರಹದಲ್ಲಿ ಬೇಕು. ಮತ್ತೆ, ಮಹಡಿ ಎಲ್ಲಾದರೂ ಸೋರುತ್ತಿದ್ದರೆ ವಾಟರ್‌ಪ್ರೂಫಿಂಗ್ ಈಗಲೇ ಮುಗಿಸಿ. ಪ್ಯಾನೆಲ್ ಕೂತ ಮೇಲೆ 25 ವರ್ಷ ಅಲ್ಲೇ ಇರುತ್ತದೆ. ಅದರ ಕಾಲಿನ ಕೆಳಗೆ ಸೋರಿದರೆ ರಿಪೇರಿಗೆ ಎಲ್ಲ ಬಿಚ್ಚಬೇಕಾಗುತ್ತದೆ. ಸ್ಟ್ರಕ್ಚರ್ ಏಳೆಂಟು ಅಡಿ ಎತ್ತರಕ್ಕೆ ಕೇಳಿ. ಖರ್ಚು ಸ್ವಲ್ಪ ಜಾಸ್ತಿ. ಆದರೆ ಕೆಳಗೆ ಬಟ್ಟೆ, ಹಪ್ಪಳ ಒಣಗಿಸುವವರು ಸಭೆಯಲ್ಲಿ ನಿಮ್ಮ ಕಡೆಗೇ ಕೈ ಎತ್ತುತ್ತಾರೆ.