ಸಹಾಯ ಬೇಕು: ಎಂಜಿನ್ ಕಾದಾಗ ಮಾತ್ರ ಬರುವ ಆಯಿಲ್ ಪ್ರೆಶರ್ ಸೆನ್ಸರ್ ಕೋಡ್

ಬಲ್ಲವರು ದಯವಿಟ್ಟು ದಾರಿ ತೋರಿಸಿ. ನಮ್ಮದು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ 20 ಟನ್ ಎಕ್ಸ್‌ಕವೇಟರ್. ಹಿರಿಯೂರು ಕಡೆ ಕೃಷಿ ಹೊಂಡ ತೋಡುತ್ತಿದೆ. ಎಂಜಿನ್ ಚೆನ್ನಾಗಿ ಕಾದ ಮೇಲೆ ಡಿಸ್‌ಪ್ಲೇಯಲ್ಲಿ ಎಸ್‌ಪಿಎನ್ (ದೋಷ ಯಾವುದರದು ಎಂದು ಹೇಳುವ ಸಂಖ್ಯೆ) 100, ಎಫ್‌ಎಂಐ (ದೋಷ ಯಾವ ಬಗೆಯದು ಎಂದು ಹೇಳುವ ಸಂಖ್ಯೆ) 3 ಬಂದು ಪವರ್ ಇಳಿದುಬಿಡುತ್ತದೆ. ತಣ್ಣಗಾದರೆ ಕೋಡ್ ಮಾಯ.

100 ಎಂದರೆ ಆಯಿಲ್ ಪ್ರೆಶರ್, 3 ಎಂದರೆ ಸಿಗ್ನಲ್ ವೋಲ್ಟೇಜ್ ಮಿತಿ ಮೀರಿದೆ ಎಂದರ್ಥ. ಬೇರೆ ಗೇಜ್ ಹಾಕಿ ನೋಡಿದಾಗ ಒತ್ತಡ ಸರಿಯಾಗಿಯೇ ಇತ್ತು. ಹಾಗಾಗಿ ದೋಷ ವೈರಿಂಗ್‌ನದೇ ಎಂಬುದು ನನ್ನ ಗಟ್ಟಿ ನಂಬಿಕೆ. ಸೆನ್ಸರ್ ಹೊಸದು. ಪ್ಲಗ್‌ನಲ್ಲಿ 5 ವೋಲ್ಟ್ ಬರುತ್ತಿದೆ. ಪ್ಲಗ್ ಕಳಚಿ ಸಿಗ್ನಲ್ ಪಿನ್ನನ್ನು ಸೆನ್ಸರ್ ಗ್ರೌಂಡ್ ಪಿನ್ನಿಗೆ ಸೇರಿಸಿದಾಗ ಕೋಡ್ ಎಫ್‌ಎಂಐ 4ಕ್ಕೆ (ವೋಲ್ಟೇಜ್ ತೀರಾ ಕಡಿಮೆ) ಬದಲಾಯಿತು, ಅಂದರೆ ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸಿಗ್ನಲ್ ಓದುತ್ತಿದೆ. ಆದರೂ ಮೆಕ್ಯಾನಿಕ್ ಇಸಿಎಂ ಬದಲಿಸಿ ಎನ್ನುತ್ತಿದ್ದಾರೆ. ಅಷ್ಟು ಹಣ ಸುರಿಯಲು ಮನಸ್ಸು ಒಪ್ಪುತ್ತಿಲ್ಲ.

ಟರ್ಬೊ ಪಕ್ಕದಲ್ಲಿ ಹಾದುಹೋಗುವ ಹಾರ್ನೆಸ್‌ನ (ವೈರ್‌ಗಳ ಕಟ್ಟಿನ) ಕವಚ ಬಿಸಿಗೆ ಬಿರುಕು ಬಿಟ್ಟಿದೆ. ಒಳಗೆ ಹಿಂದಿನ ಮಾಲೀಕರ ಕಾಲದಲ್ಲಿ ಯಾರೋ ವೈರ್ ತಿರುಚಿ, ಬೆಸುಗೆ ಇಲ್ಲದೆ ಟೇಪ್ ಸುತ್ತಿದ್ದಾರೆ. ಟೇಪಿನ ಅಂಟು ಕರಗಿ ಕಪ್ಪಗಾಗಿದೆ.

ಗ್ರೌಂಡ್ ವೈರ್ ಬಿಡುತ್ತಿದೆಯೋ, ಸಿಗ್ನಲ್ ವೈರ್ 5 ವೋಲ್ಟ್ ವೈರಿಗೆ ತಗಲುತ್ತಿದೆಯೋ ಎಂದು ಬಿಸಿಯಲ್ಲೇ ಪತ್ತೆ ಮಾಡುವುದು ಹೇಗೆ? ಮಲ್ಟಿಮೀಟರ್‌ನ ಓಮ್ ಅಳತೆ ಸಾಕೇ, ಇಸಿಎಂ ಪ್ಲಗ್ ಕಳಚಿ ಆ ವೈರ್ ಮೂಲಕ ಬಲ್ಬ್ ಹೊತ್ತಿಸಿ ನೋಡಬೇಕೇ? ಇಂಥ ಕೋಡ್ ಸ್ವತಃ ಬಿಡಿಸಿದವರು ಇದ್ದರೆ ದಯವಿಟ್ಟು ಬರೆಯಿರಿ.