ಸಹಾಯ ಬೇಕು: ಗುಣವಾದ ಮರಿಯನ್ನು ದೊಡ್ಡ ಬೆಕ್ಕಿನ ಜೊತೆ ಯಾವಾಗ ಬಿಡಬಹುದು?

ಎಲ್ಲರಿಗೂ ನಮಸ್ಕಾರ. ನಾವಿರೋದು ಬೆಳಗಾವಿಯ ಟಿಳಕವಾಡಿಯಲ್ಲಿ. ಜೋರು ಮಳೆಯಲ್ಲಿ ತಾಯಿ ಇಲ್ಲದ ಮೂರು ಬೆಕ್ಕಿನ ಮರಿ ಸಿಕ್ಕವು. ಮೂರಕ್ಕೂ ನೆಗಡಿ, ಕೀವಿನಿಂದ ಕಣ್ಣು ಅಂಟಿಕೊಂಡಿದ್ದವು. ಡಾಕ್ಟರು ಕ್ಯಾಟ್ ಫ್ಲೂ (ಬೆಕ್ಕಿನಿಂದ ಬೆಕ್ಕಿಗೆ ಹರಡುವ ನೆಗಡಿಯಂಥ ರೋಗ) ಅಂದರು. ಆಕಳ ಹಾಲಿಗೆ ಭೇದಿ ಆಗುತ್ತದೆ ಅಂತ ಮರಿಗಳಿಗೇ ಸಿಗುವ ಹಾಲಿನ ಪುಡಿ ತಂದೆವು. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕಕ್ಕಿಟ್ಟು, ಮೈ ಬೆಚ್ಚಗಾದ ಮೇಲೆಯೇ ಕುಡಿಸುತ್ತಿದ್ದೆ. ಎರಡು ಚೇತರಿಸಿಕೊಂಡು ಒಳ್ಳೆಯ ಮನೆ ಸೇರಿವೆ.

ಉಳಿದವಳು ಕರಿ ಮರಿ, ಹೆಸರು ಕಾಡಿಗೆ. ಒಂದು ಕಣ್ಣು ಮಸುಕಾಗಿದೆ. ನನ್ನ ಕುತ್ತಿಗೆಗೆ ಮುಖ ಹುದುಗಿಸಿಯೇ ಮಲಗುತ್ತಾಳೆ. ಇವಳನ್ನು ಯಾರಿಗೂ ಕೊಡಲು ಮನಸ್ಸೇ ಬರುತ್ತಿಲ್ಲ.

ಆದರೆ ಮನೆಯಲ್ಲಿ ವಯಸ್ಸಾದ ಗಂಡು ಬೆಕ್ಕಿದೆ. ಇಲ್ಲಿವರೆಗೆ ಇಬ್ಬರಿಗೂ ಬೇರೆ ಕೋಣೆ, ಬೇರೆ ತಟ್ಟೆ. ಅವನಿಗೆ ಲಸಿಕೆ ಆಗಿದೆ. ಆದರೆ ಲಸಿಕೆ ರೋಗದ ಜೋರು ಕಡಿಮೆ ಮಾಡುತ್ತದೆ ಅಷ್ಟೇ, ಸೋಂಕನ್ನು ಪೂರ್ತಿ ತಡೆಯಲ್ಲ. ಮರಿಯ ಫ್ಲೂಗೆ ಕಾರಣ ಹರ್ಪಿಸ್ ವೈರಸ್ ಆಗಿದ್ದರೆ, ಅದು ಜೀವನಪೂರ್ತಿ ಅವಳ ಮೈಯಲ್ಲೇ ಉಳಿಯುತ್ತದೆ, ಅಲ್ವಾ? ಒಬ್ಬ ಡಾಕ್ಟರು ಸೀನು ನಿಂತರೆ ಬಿಡಿ ಅಂತಾರೆ, ಇನ್ನೊಬ್ಬರು ಬೇಡವೇ ಬೇಡ ಅಂತಾರೆ.

ಇಂಥ ಮರಿಯನ್ನು ವಯಸ್ಸಾದ ಬೆಕ್ಕಿನ ಜೊತೆ ಸಾಕಿದವರು ದಯವಿಟ್ಟು ಹೇಳಿ: ಸೀನು ನಿಂತು ಎಷ್ಟು ದಿನಕ್ಕೆ ಒಟ್ಟಿಗೆ ಬಿಟ್ಟಿರಿ? ದೊಡ್ಡದಕ್ಕೆ ಏನಾದರೂ ತೊಂದರೆ ಆಯ್ತಾ?